ಕ್ರಾಯಿನಾ ಸರ್ಬರು: ಸ್ವಾಯತ್ತತೆ ಕೇಳಿದವರು ಅದು ಕೈಗೆ ಬಂದಾಗ ಯಾಕೆ ಬೇಡ ಅಂದರು?

ತುಂಗಾತೀರ

ಯುಗೊಸ್ಲಾವಿಯಾ ಒಡೆದ ಕಥೆ ಓದುವಾಗ ಎಲ್ಲ ಕಡೆ ಬೋಸ್ನಿಯಾ, ಕೊಸೊವೊ ಹೆಸರೇ ಬರುತ್ತದೆ. ಕ್ರೊವೇಷಿಯಾದ ಒಳಗೆ ಸರ್ಬರು ಕಟ್ಟಿಕೊಂಡಿದ್ದ ಕ್ರಾಯಿನಾ ಬಗ್ಗೆ ಎರಡು ಸಾಲು ಬರೆದು ಮುಂದೆ ಹೋಗುತ್ತಾರೆ. 1990ರಲ್ಲಿ ಸ್ವಾಯತ್ತ ಪ್ರಾಂತ ಅಂತ ಶುರುವಾಯಿತು. ಮರುವರ್ಷ ತನ್ನನ್ನು ಗಣರಾಜ್ಯ ಅಂತ ಕರೆದುಕೊಂಡಿತು. 1995ರ ಆಗಸ್ಟ್‌ನಲ್ಲಿ ಅದರ ಬಹುಭಾಗ ನಾಲ್ಕೇ ದಿನದಲ್ಲಿ ಇಲ್ಲವಾಯಿತು.

ನನಗೆ ಎರಡು ವಿಷಯ ತಿಳಿಯಬೇಕಿದೆ. ಅಲ್ಲಿ ಸರ್ಕಾರ ಅನ್ನುವುದು ನಿಜವಾಗಿ ಇತ್ತಾ, ಇದ್ದರೆ ಸಂಬಳ ಎಲ್ಲಿಂದ ಬರುತ್ತಿತ್ತು? ಎರಡನೆಯದು, ಸ್ವಾಯತ್ತತೆ ಬೇಕು ಅಂತ ಹೊರಟವರಿಗೆ ಕೊನೆಗೆ ಅದನ್ನೇ ಕೊಡುತ್ತೇವೆ ಅಂದಾಗ ಯಾಕೆ ಬೇಡವಾಯಿತು? ಗೊತ್ತಿರುವವರು ಸ್ವಲ್ಪ ವಿವರವಾಗಿ ಬರೆಯಿರಿ.

ಹಳೇನಕ್ಷೆ

ಒಳ್ಳೆಯ ಪ್ರಶ್ನೆ. ಹಿಂದಿನಿಂದಲೇ ಶುರುಮಾಡುತ್ತೇನೆ, ಇಲ್ಲದಿದ್ದರೆ ಕ್ರೊವೇಷಿಯಾದಲ್ಲಿ ಅಷ್ಟು ಸರ್ಬರು ಎಲ್ಲಿಂದ ಬಂದರು ಅನ್ನುವುದೇ ಅರ್ಥವಾಗುವುದಿಲ್ಲ.

16ನೇ ಶತಮಾನದಲ್ಲಿ ಒಟ್ಟೊಮನ್ ತುರ್ಕರು ಮೇಲೆ ಮೇಲೆ ಬರುತ್ತಿದ್ದಾಗ ಹ್ಯಾಬ್ಸ್‌ಬರ್ಗ್ ದೊರೆಗಳು ಗಡಿಯುದ್ದಕ್ಕೂ ಒಂದು ಸೈನಿಕ ಪಟ್ಟಿ ಮಾಡಿದರು. ಅದನ್ನೇ ಮಿಲಿಟರಿ ಫ್ರಾಂಟಿಯರ್ ಅನ್ನುತ್ತಾರೆ. ತುರ್ಕರ ಸೀಮೆಯಿಂದ ಓಡಿಬಂದ ಆರ್ಥೊಡಾಕ್ಸ್ ಕ್ರೈಸ್ತ ಕುಟುಂಬಗಳಿಗೆ, ಅಂದರೆ ಈ ಸರ್ಬರ ಪೂರ್ವಿಕರಿಗೆ, ಅಲ್ಲಿ ಜಮೀನು ಕೊಟ್ಟರು. ಜಮೀನ್ದಾರನಿಗೆ ಗೇಣಿ ಕೊಡಬೇಕಿಲ್ಲ, ಬಿಟ್ಟಿ ಚಾಕರಿ ಇಲ್ಲ. ಬದಲಿಗೆ ಕರೆದಾಗ ಕತ್ತಿ ಹಿಡಿದು ಬರಬೇಕು. 1630ರಲ್ಲಿ ಎರಡನೇ ಫರ್ಡಿನಾಂಡ್ ಸಾವಾ ಮತ್ತು ದ್ರಾವಾ ನದಿಗಳ ನಡುವಿನ ಗಡಿಯವರಿಗೆ ಒಂದು ಸನ್ನದನ್ನೇ ಕೊಟ್ಟ. ತಮ್ಮ ಹಳ್ಳಿಯ ಮುಖ್ಯಸ್ಥರನ್ನು ತಾವೇ ಆರಿಸಿಕೊಳ್ಳುವ ಹಕ್ಕೂ ಅದರಲ್ಲಿತ್ತು. ಕ್ರೊವೇಷಿಯಾದ ಸಿರಿವಂತ ಜಮೀನ್ದಾರರಿಗೆ ಇದು ಉರಿ. ತಮ್ಮದೇ ನೆಲ, ಆದರೆ ಅಲ್ಲಿನ ಜನ ನೇರವಾಗಿ ವಿಯೆನ್ನಾದ ಮಾತು ಕೇಳುವವರು. 1881ರಲ್ಲಿ ಗಡಿ ಸೀಮೆಯನ್ನು ಕ್ರೊವೇಷಿಯಾಕ್ಕೆ ಸೇರಿಸಿದರು. ಗಡಿ ಹೋಯಿತು, ಜನ ಅಲ್ಲೇ ಉಳಿದರು.

ಒಂದು ತಮಾಷೆ ಕೇಳಿ. 1990ರಲ್ಲಿ ರಾಜಧಾನಿ ಅಂತ ಮಾಡಿಕೊಂಡ ಕ್ನಿನ್ ಊರು ಈ ಹ್ಯಾಬ್ಸ್‌ಬರ್ಗ್ ಸೈನಿಕ ಗಡಿಯಲ್ಲಿ ಇರಲೇ ಇಲ್ಲ! 1688ರಲ್ಲಿ ಅದನ್ನು ತುರ್ಕರಿಂದ ಕಿತ್ತುಕೊಂಡವರು ವೆನಿಸ್‌ನವರು. ಅದು ಡಾಲ್ಮೇಷಿಯಾದ ಊರು. ಕ್ರಾಯಿನಾ ಅಂದರೆ ಗಡಿ ಸೀಮೆ. ಹೆಸರನ್ನು ಇತಿಹಾಸದಿಂದ ತಂದರು, ನಕ್ಷೆಯನ್ನು ಮಾತ್ರ ತಮಗೆ ಬೇಕಾದ ಹಾಗೆ ಬರೆದುಕೊಂಡರು.

ಕಾಫಿತೋಟ

ಎರಡನೇ ಮಹಾಯುದ್ಧ ಬಿಟ್ಟುಬಿಟ್ಟಿರಲ್ಲ ಸರ್. 1990ರ ಭಯ ಅಲ್ಲಿಂದ ಬಂದದ್ದು, 1630ರಿಂದ ಅಲ್ಲ.

1941ರಲ್ಲಿ ನಾಜಿಗಳ ಬೆಂಬಲದಿಂದ ಉಸ್ತಾಶಾ ಪಕ್ಷ ಕ್ರೊವೇಷಿಯಾದಲ್ಲಿ ಅಧಿಕಾರ ಹಿಡಿಯಿತು. ಗ್ಲಿನಾ ಊರಿನಲ್ಲಿ ಸರ್ಬರನ್ನು ಚರ್ಚಿನೊಳಗೆ ಕೂಡಿಹಾಕಿ ಕೊಂದರು. ಯಾಸೆನೊವಾಟ್ಸ್ ಶಿಬಿರದಲ್ಲಿ ಸರ್ಬರು, ಯಹೂದಿಗಳು, ರೋಮಾ ಜನ ಎಲ್ಲರೂ ಸತ್ತರು. 1990ರಲ್ಲಿ ಕ್ನಿನ್, ಗ್ಲಿನಾ ಕಡೆ ಐವತ್ತು ದಾಟಿದ ಯಾರನ್ನೇ ಕೇಳಿದರೂ ಮನೆಯಲ್ಲೋ ಪಕ್ಕದ ಮನೆಯಲ್ಲೋ ಅದರ ಗಾಯ ಇತ್ತು. ಅಂಥ ಊರಿಗೆ ಕ್ರೊವೇಷಿಯಾದ ರಾಜಧಾನಿ ಝಾಗ್ರೆಬ್‌ನಿಂದ ಹೊಸ ಸರ್ಕಾರ ಕೆಂಪು-ಬಿಳಿ ಚೌಕಳಿಯ ಲಾಂಛನ ಹಿಡಿದು ಬಂತು. ಆ ಚೌಕಳಿ ಉಸ್ತಾಶಾಕ್ಕಿಂತ ಎಷ್ಟೋ ಹಳೆಯದು, ನಿಜ. ಆದರೆ ಆ ಮುದುಕರು ಅದನ್ನು ನೋಡಿದ್ದು 1941ರಲ್ಲಿ. ಸರ್ಬಿಯಾದ ರಾಜಧಾನಿ ಬೆಲ್‌ಗ್ರೇಡ್‌ನ ಟೀವಿ ಹಗಲು ರಾತ್ರಿ ಅದನ್ನೇ ತೋರಿಸಿ ಭಯವನ್ನು ಚೆನ್ನಾಗಿ ಬೆಳೆಸಿತು. ಭಯ ನಿಜ, ಅದನ್ನು ಬಳಸಿಕೊಂಡದ್ದೂ ನಿಜ.

ಕಾನೂನುಕಟ್ಟೆ

ಆಡಳಿತದ ಬಗ್ಗೆ ಕೇಳಿದ್ದೀರಿ. ದಿನಾಂಕಗಳ ಜೊತೆ ನೋಡಿದರೆ ಎಷ್ಟು ಬೇಗ ಜಾರಿತು ಅನ್ನುವುದು ಕಾಣುತ್ತದೆ.

1990ರ ಫೆಬ್ರವರಿಯಲ್ಲಿ ಕ್ನಿನ್‌ನಲ್ಲಿ ಸರ್ಬಿಯನ್ ಡೆಮಾಕ್ರಟಿಕ್ ಪಕ್ಷ ಹುಟ್ಟಿತು. ನಾಯಕ ಯೋವಾನ್ ರಾಶ್ಕೊವಿಚ್, ವೃತ್ತಿಯಲ್ಲಿ ಮನೋವೈದ್ಯ. ಅವರ ಕೇಳಿಕೆ ಮೊದಲಿಗೆ ಸಾಂಸ್ಕೃತಿಕ ಸ್ವಾಯತ್ತತೆಯಷ್ಟೇ: ಭಾಷೆ, ಸಿರಿಲಿಕ್ ಲಿಪಿ, ಶಾಲೆ. ಕ್ರೊವೇಷಿಯಾ ಯುಗೊಸ್ಲಾವಿಯಾದಲ್ಲೇ ಉಳಿದರೆ ಇಷ್ಟು ಸಾಕು, ಹೊರಗೆ ಹೋದರೆ ಮಾತ್ರ ರಾಜಕೀಯ ಸ್ವಾಯತ್ತತೆ ಅನ್ನುವ ನಿಲುವು. ವಸಂತದ ಚುನಾವಣೆಯಲ್ಲಿ ಫ್ರಾನ್ಯೊ ತುಜ್‌ಮನ್ ಪಕ್ಷ ಗೆದ್ದಿತು, ಅವರು ಕ್ರೊವೇಷಿಯಾದ ಅಧ್ಯಕ್ಷರಾದರು. ಜುಲೈ 25ಕ್ಕೆ ಸ್ರ್ಬ್ ಅನ್ನುವ ಹಳ್ಳಿಯಲ್ಲಿ ದೊಡ್ಡ ಸಭೆ ಸೇರಿ ಸರ್ಬ್ ರಾಷ್ಟ್ರೀಯ ಮಂಡಳಿ ಮಾಡಿಕೊಂಡರು. ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಸ್ವಾಯತ್ತತೆಗಾಗಿ ತಾವೇ ಜನಮತ ನಡೆಸಿದರು. ಝಾಗ್ರೆಬ್ ಅದನ್ನು ಕಾನೂನುಬಾಹಿರ ಅಂದಿತು. ಇಷ್ಟರಲ್ಲಿ ಮನೋವೈದ್ಯರು ಹಿಂದೆ ಸರಿದು ಕ್ನಿನ್ ನಗರದ ಅಧ್ಯಕ್ಷ ಮಿಲಾನ್ ಬಾಬಿಚ್ ಮುಂದೆ ಬಂದಾಗಿತ್ತು. ಅವರು ಹಲ್ಲಿನ ಡಾಕ್ಟರ್.

1990ರ ಡಿಸೆಂಬರ್ 21ಕ್ಕೆ ಕ್ನಿನ್‌ನಲ್ಲಿ ಕ್ರಾಯಿನಾ ಸರ್ಬ್ ಸ್ವಾಯತ್ತ ಪ್ರಾಂತದ ಘೋಷಣೆ. ಆ ಶಾಸನವನ್ನು ಗಮನಿಸಿ: ಅದು ತನ್ನನ್ನು ಕ್ರೊವೇಷಿಯಾ ಗಣರಾಜ್ಯದ ಒಳಗಿನ ಪ್ರಾದೇಶಿಕ ಸ್ವಾಯತ್ತತೆ ಅಂತಲೇ ಹೇಳಿಕೊಂಡಿತ್ತು. ಪ್ರತ್ಯೇಕ ದೇಶ ಅಂತ ಇರಲಿಲ್ಲ. ಮಾರನೇ ದಿನ, ಡಿಸೆಂಬರ್ 22ಕ್ಕೆ, ಕ್ರೊವೇಷಿಯಾ ಹೊಸ ಸಂವಿಧಾನ ತಂದಿತು. 1974ರ ಸಂವಿಧಾನದಲ್ಲಿ ಕ್ರೊವೇಷಿಯಾ ಕ್ರೊವೇಷಿಯನ್ನರ ದೇಶವೂ ಹೌದು, ಅಲ್ಲಿನ ಸರ್ಬರ ದೇಶವೂ ಹೌದು ಅಂತ ಇತ್ತು. ಹೊಸದರಲ್ಲಿ ಸರ್ಬರು ಇತರ ಜನ ಮತ್ತು ಅಲ್ಪಸಂಖ್ಯಾತರ ಪಟ್ಟಿಗೆ ಹೋದರು. 1991ರ ಜನಗಣತಿಯ ಪ್ರಕಾರ ಅವರು 5,81,663 ಜನ, ಒಟ್ಟು ಜನಸಂಖ್ಯೆಯ ಶೇ. 12.2.

1991 ಬಂದಾಗ ವೇಗ ಜಾಸ್ತಿಯಾಯಿತು. ಜನವರಿಯಲ್ಲಿ ಪ್ರಾಂತಕ್ಕೆ ತನ್ನದೇ ಒಳಾಡಳಿತ ಇಲಾಖೆ ಬಂತು, ಅದರ ಮುಖ್ಯಸ್ಥ ಕ್ನಿನ್‌ನ ಪೊಲೀಸ್ ಅಧಿಕಾರಿ ಮಿಲಾನ್ ಮಾರ್ತಿಚ್. ಫೆಬ್ರವರಿಯ ಕೊನೆಗೆ ಕ್ರೊವೇಷಿಯಾದಿಂದ ಬೇರೆಯಾಗುವ ಠರಾವು. ಏಪ್ರಿಲ್ 1ಕ್ಕೆ ಸರ್ಬಿಯಾಕ್ಕೆ ಸೇರುವ ನಿರ್ಧಾರ. ಮೇನಲ್ಲಿ ಅದಕ್ಕೆ ಇನ್ನೊಂದು ಜನಮತ. ಡಿಸೆಂಬರ್ 19ಕ್ಕೆ ಸರ್ಬ್ ಕ್ರಾಯಿನಾ ಗಣರಾಜ್ಯ. ಒಂದು ವರ್ಷಕ್ಕೆ ಎರಡು ದಿನ ಕಮ್ಮಿ!

ತುಂಗಾತೀರ

ಇಷ್ಟೆಲ್ಲ ಆಗುತ್ತಿದ್ದಾಗ ಕ್ರೊವೇಷಿಯಾ ಪೊಲೀಸರು ಸುಮ್ನೆ ಇದ್ದರಾ?

ಹಳೇನಕ್ಷೆ

ಹೋದರು, ಆದರೆ ತಲುಪಲಿಲ್ಲ. 1990ರ ಆಗಸ್ಟ್ 17ಕ್ಕೆ ಕ್ನಿನ್ ಸುತ್ತಲಿನ ರಸ್ತೆಗಳಿಗೆ ಜನ ಮರದ ದಿಮ್ಮಿ ಉರುಳಿಸಿ ಅಡ್ಡ ಹಾಕಿದರು. ಅದಕ್ಕೆ ದಿಮ್ಮಿ ಕ್ರಾಂತಿ ಅಂತಲೇ ಹೆಸರು. ಝಾಗ್ರೆಬ್ ಹೆಲಿಕಾಪ್ಟರ್‌ಗಳಲ್ಲಿ ವಿಶೇಷ ಪೊಲೀಸರನ್ನು ಕಳಿಸಿತು. ಯುಗೊಸ್ಲಾವ್ ವಾಯುಪಡೆಯ ಜೆಟ್‌ಗಳು ಎದುರು ಬಂದು ಅವನ್ನು ವಾಪಸ್ ಓಡಿಸಿದವು. ಕ್ನಿನ್ ರೈಲ್ವೆ ಜಂಕ್ಷನ್. ಝಾಗ್ರೆಬ್‌ನಿಂದ ಸ್ಪ್ಲಿಟ್‌ಗೆ ಹೋಗುವ ಮಾರ್ಗ ಅಲ್ಲಿಂದಲೇ. ಆಗಸ್ಟ್ ಅಂದರೆ ಕಡಲತೀರಕ್ಕೆ ಪ್ರವಾಸಿಗರು ಬರುವ ತಿಂಗಳು ಬೇರೆ. ಅಂದರೆ ಒಂದು ಸಣ್ಣ ಊರು ದೇಶದ ಕತ್ತು ಹಿಡಿದು ಕೂತಿತು.

ಮೊದಲ ರಕ್ತ ಬಿದ್ದದ್ದು 1991ರ ಮಾರ್ಚ್ 31, ಈಸ್ಟರ್ ದಿನ, ಪ್ಲಿಟ್ವಿಟ್ಸೆ ಸರೋವರಗಳ ಹತ್ತಿರ. ಎರಡೂ ಕಡೆ ಒಬ್ಬೊಬ್ಬರು ಸತ್ತರು.

ಅಂಚೆಚೀಟಿ

ಸಂಬಳದ ಪ್ರಶ್ನೆಗೆ ಯಾರೂ ಬರಲಿಲ್ಲ. ನಾನು ಹಳೆಯ ನೋಟು ಸಂಗ್ರಹಿಸುವವನು, ನನಗೆ ಗೊತ್ತಿರುವುದು ಹೇಳುತ್ತೇನೆ.

ಕ್ರಾಯಿನಾಕ್ಕೆ 1992ರಿಂದ ಸ್ವಂತ ದಿನಾರ್ ಇತ್ತು. ನೋಟಿನ ಮೇಲೆ ಕ್ನಿನ್ ಹೆಸರು, ಸಿರಿಲಿಕ್ ಅಕ್ಷರ. ಆದರೆ ಅದು ಬೆಲ್‌ಗ್ರೇಡ್ ದಿನಾರ್‌ನ ನೆರಳು. ಅಲ್ಲಿ ಹಣದುಬ್ಬರ ಹುಚ್ಚೆದ್ದಾಗ ಇಲ್ಲೂ ಎದ್ದಿತು. 1993ರಲ್ಲಿ 5,000 ಕೋಟಿ ದಿನಾರ್‌ನ ಒಂದೇ ನೋಟು ಅಚ್ಚು ಹಾಕಿದರು! ನೋಟು ಮಾರುವವರ ಹತ್ತಿರ ಈಗಲೂ ಅಗ್ಗಕ್ಕೆ ಸಿಗುತ್ತದೆ. ಸ್ವಂತ ನೋಟು ಇದ್ದ ಮಾತ್ರಕ್ಕೆ ಸ್ವಂತ ಖಜಾನೆ ಇತ್ತು ಅಂತ ಅಲ್ಲ ನೋಡಿ.

ಕಾನೂನುಕಟ್ಟೆ

ಇದಕ್ಕೆ ಒಂದು ಮಾತು ಸೇರಿಸಬೇಕು. ಕ್ರಾಯಿನಾ ಸೈನ್ಯದ ಅಧಿಕಾರಿಗಳ ನೇಮಕ, ಬಡ್ತಿ, ಸಂಬಳದ ಲೆಕ್ಕವೆಲ್ಲ ಬೆಲ್‌ಗ್ರೇಡ್‌ನಲ್ಲಿ ಯುಗೊಸ್ಲಾವ್ ಸೈನ್ಯದ '40ನೇ ಸಿಬ್ಬಂದಿ ಕೇಂದ್ರ' ಅನ್ನುವ ಕಚೇರಿಯಲ್ಲಿ ಇತ್ತು. ಬೋಸ್ನಿಯಾ ಸರ್ಬರ ಸೈನ್ಯಕ್ಕೆ 30ನೆಯದು. ಇದೆಲ್ಲ ಹೇಗ್‌ನ ಅಂತರರಾಷ್ಟ್ರೀಯ ಯುದ್ಧಾಪರಾಧ ನ್ಯಾಯಮಂಡಳಿಯ ವಿಚಾರಣೆಗಳಲ್ಲಿ ದಾಖಲೆ ಸಮೇತ ಹೊರಗೆ ಬಂತು.

ಹೊರಗಿನಿಂದ ನೋಡಿದರೆ ಎಲ್ಲವೂ ಇತ್ತು: ಸಂಸತ್ತು, ಅಧ್ಯಕ್ಷ, ಪ್ರಧಾನಿ, ಮಂತ್ರಿಗಳು, ಕೋರ್ಟು, ಧ್ವಜ. ಚುನಾವಣೆಯೂ ನಡೆಯಿತು. ಆದರೆ ಬೆಲ್‌ಗ್ರೇಡ್‌ಗೆ ಬೇಡವಾದವರು ಕುರ್ಚಿಯಲ್ಲಿ ಉಳಿಯಲಿಲ್ಲ. 1992ರ ಆರಂಭದಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಯೋಜನೆಯನ್ನು ಬಾಬಿಚ್ ವಿರೋಧಿಸಿದರು. ಯುಗೊಸ್ಲಾವ್ ಸೈನ್ಯ ಹೊರಗೆ ಹೋದರೆ ತಮ್ಮ ಗತಿ ಏನು ಅನ್ನುವುದು ಅವರ ಮಾತು. ಸರ್ಬಿಯಾದ ಅಧ್ಯಕ್ಷ ಮಿಲೊಶೆವಿಚ್‌ಗೆ ಸಿಟ್ಟು ಬಂತು. ಕೆಲವೇ ವಾರದಲ್ಲಿ ಬಾಬಿಚ್ ಹೋಗಿ ಗೊರಾನ್ ಹಾಜಿಚ್ ಬಂದರು. 1993ರ ಡಿಸೆಂಬರ್‌ನ ಅಧ್ಯಕ್ಷ ಚುನಾವಣೆಯ ಮೊದಲ ಸುತ್ತಿನಲ್ಲಿ ಬಾಬಿಚ್ ಮುಂದಿದ್ದರು. ಎರಡನೇ ಸುತ್ತಿನಲ್ಲಿ ಬೆಲ್‌ಗ್ರೇಡ್ ಬೆಂಬಲದ ಮಾರ್ತಿಚ್ ಗೆದ್ದರು. ಇದನ್ನು ಸ್ವಯಂ ಆಡಳಿತ ಅಂತ ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ನಿವೃತ್ತ ಸುಬೇದಾರ್

ಶಾಂತಿಪಾಲನಾ ಪಡೆ ಅಂದಿರಿ, ಒಂದು ವಿಷಯ ಹೇಳಲೇಬೇಕು. ಆ ಪಡೆಯ ಮೊದಲ ಮುಖ್ಯಸ್ಥರು ನಮ್ಮ ದೇಶದ ಲೆಫ್ಟಿನೆಂಟ್ ಜನರಲ್ ಸತೀಶ್ ನಂಬಿಯಾರ್. ಮರಾಠಾ ಲೈಟ್ ಇನ್‌ಫೆಂಟ್ರಿಯವರು. ಆ ರೆಜಿಮೆಂಟಿನ ತರಬೇತಿ ಕೇಂದ್ರ ಇರುವುದು ನಮ್ಮ ಬೆಳಗಾವಿಯಲ್ಲೇ. 1992ರ ಮಾರ್ಚ್‌ನಿಂದ ಒಂದು ವರ್ಷ ಇದ್ದರು.

ಅವರ ಕೆಲಸ ಸುಲಭದ್ದಲ್ಲ. ಕ್ರಾಯಿನಾವನ್ನು ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಅಂತ ನಾಲ್ಕು ಸೆಕ್ಟರ್ ಮಾಡಿದ್ದರು. ಯೋಜನೆ ಪ್ರಕಾರ ಯುಗೊಸ್ಲಾವ್ ಸೈನ್ಯ ವಾಪಸ್ ಹೋಗಬೇಕು, ಸ್ಥಳೀಯರು ಆಯುಧ ಒಪ್ಪಿಸಬೇಕು, ಓಡಿಸಲ್ಪಟ್ಟ ಕ್ರೊವೇಷಿಯನ್ನರು ಮನೆಗೆ ಮರಳಬೇಕು. ಸೈನ್ಯ ಹೋಯಿತು. ಆದರೆ ಸೈನಿಕರ ಜಾಗಕ್ಕೆ ಬಣ್ಣ ಬೇರೆ ಮಾಡಿಕೊಂಡ 'ಪೊಲೀಸರು' ಬಂದರು, ಬಂದೂಕು ಅವೇ. ಜನ ಮನೆಗೆ ಮರಳಲಿಲ್ಲ. ನೀಲಿ ಟೋಪಿಯವರಿಗೆ ಬಲವಂತ ಮಾಡುವ ಅಧಿಕಾರ ಇರಲಿಲ್ಲ. ಕೀನ್ಯಾ, ನೇಪಾಳ, ಅರ್ಜೆಂಟೀನಾ, ಕೆನಡಾ ಹೀಗೆ ಎಲ್ಲೆಲ್ಲಿಂದಲೋ ಬಂದ ಹುಡುಗರು ಗೆರೆ ಕಾಯುತ್ತಾ ನಿಂತರು.

ಕಾಫಿತೋಟ

"ಓಡಿಸಲ್ಪಟ್ಟ ಕ್ರೊವೇಷಿಯನ್ನರು" ಅಂತ ಒಂದೇ ಮಾತಲ್ಲಿ ಮುಗಿಸಬಾರದು. ಭಯದ ಬಗ್ಗೆ ನಾನೇ ಬರೆದೆ, ಹಾಗಾಗಿ ಇದನ್ನೂ ನಾನೇ ಬರೆಯುತ್ತೇನೆ. 1991ರಲ್ಲಿ ಆ ಪ್ರದೇಶದಿಂದ ಲಕ್ಷಕ್ಕೂ ಹೆಚ್ಚು ಕ್ರೊವೇಷಿಯನ್ನರು ಮತ್ತು ಇತರರು ಮನೆ ಬಿಟ್ಟು ಓಡಿದರು. ಶ್ಕಾಬರ್ನ್ಯಾ ಹಳ್ಳಿಯಲ್ಲಿ ನವೆಂಬರ್‌ನಲ್ಲಿ ನಾಗರಿಕರನ್ನು ಕೊಂದರು. ಅದೇ ತಿಂಗಳು ವುಕೊವರ್ ನಗರ ಸುಮಾರು ಮೂರು ತಿಂಗಳ ಮುತ್ತಿಗೆಯ ನಂತರ ಬಿತ್ತು. ಆಸ್ಪತ್ರೆಯಲ್ಲಿ ಇದ್ದವರನ್ನು ಹೊರಗೆ ಕರೆದೊಯ್ದು ಒವ್ಚಾರಾ ಫಾರ್ಮಿನ ಹತ್ತಿರ ಗುಂಡಿಟ್ಟು ಹೂತರು. ಈ ಸ್ವಾಯತ್ತ ಪ್ರಾಂತ ನಿಂತಿದ್ದು ಆ ಖಾಲಿ ಮನೆಗಳ ಮೇಲೆ.

ಜಿಜ್ಞಾಸು

ಒಂದು ಸಣ್ಣ ಅನುಮಾನ. ಸರ್ಬರ ಸ್ವಾಯತ್ತ ಪ್ರಾಂತ ಅಂದರೆ ವೊಯ್‌ವೊದಿನಾ ಅಲ್ವಾ? ನೋವಿ ಸಾಡ್ ರಾಜಧಾನಿ, ಆರು ಅಧಿಕೃತ ಭಾಷೆ. ಅದು ಈಗಲೂ ಇದೆಯಲ್ಲ.

ಹಳೇನಕ್ಷೆ

ಅದು ಬೇರೆ, ಮೇಡಂ. ಅದು ಸರ್ಬಿಯಾದ ಒಳಗೇ ಇರುವ ಪ್ರಾಂತ. 1848ರಲ್ಲಿ ಹಂಗೇರಿಯ ವಿರುದ್ಧ ಎದ್ದ ಸರ್ಬರು ಕಾರ್ಲೊವ್ಟ್ಸಿಯಲ್ಲಿ ಸಭೆ ಸೇರಿ ಘೋಷಿಸಿಕೊಂಡದ್ದರಿಂದ ಆ ಹೆಸರು ಬಂತು. ಈಗ 120 ಸದಸ್ಯರ ವಿಧಾನಸಭೆ ಇದೆ.

ಆದರೆ ನಿಮ್ಮ ಪ್ರಶ್ನೆಯಿಂದ ಒಂದು ಮುಖ್ಯ ವಿಷಯ ನೆನಪಾಯಿತು. 1974ರ ಸಂವಿಧಾನ ವೊಯ್‌ವೊದಿನಾ ಮತ್ತು ಕೊಸೊವೊ ಎರಡಕ್ಕೂ ಭಾರಿ ಅಧಿಕಾರ ಕೊಟ್ಟಿತ್ತು. ಮಿಲೊಶೆವಿಚ್ 1988ರ ಅಕ್ಟೋಬರ್‌ನಲ್ಲಿ ನೋವಿ ಸಾಡ್‌ನ ನಾಯಕತ್ವವನ್ನು ಬೀದಿ ಪ್ರತಿಭಟನೆಯಿಂದ ಕೆಳಗಿಳಿಸಿದರು. 1989ರಲ್ಲಿ ಎರಡೂ ಪ್ರಾಂತಗಳ ಅಧಿಕಾರ ಕಿತ್ತುಕೊಂಡರು. ಅದರ ಮರುವರ್ಷವೇ ಕ್ರೊವೇಷಿಯಾದಲ್ಲಿ ಸರ್ಬರಿಗೆ ಸ್ವಾಯತ್ತತೆ ಬೇಕು ಅಂತ ಬೆಂಬಲ! ಝಾಗ್ರೆಬ್‌ನವರು ಇದನ್ನು ಎಷ್ಟು ಸಲ ಎತ್ತಿ ಹೇಳಿರಬೇಕು ಯೋಚಿಸಿ.

ಕಾನೂನುಕಟ್ಟೆ

ಈಗ ಮೂಲ ಪ್ರಶ್ನೆಗೆ ಬರುತ್ತೇನೆ. ಸ್ವಾಯತ್ತತೆ ಅವರ ಮುಂದೆ ಬಂದದ್ದು ಒಂದು ಸಲ ಅಲ್ಲ.

ಕ್ರೊವೇಷಿಯಾಕ್ಕೆ ಯುರೋಪಿನ ಮನ್ನಣೆ ಬೇಕಿತ್ತು. ಅದಕ್ಕಾಗಿ 1991ರ ಡಿಸೆಂಬರ್‌ನಲ್ಲಿ ಅಲ್ಪಸಂಖ್ಯಾತರ ಹಕ್ಕಿನ ಸಂವಿಧಾನಾತ್ಮಕ ಕಾನೂನು ಮಾಡಿತು. 1992ರ ಮೇನಲ್ಲಿ ಅದಕ್ಕೆ ತಿದ್ದುಪಡಿ ತಂದು ಕ್ನಿನ್ ಮತ್ತು ಗ್ಲಿನಾ ಅನ್ನುವ ಎರಡು ವಿಶೇಷ ಜಿಲ್ಲೆಗಳಿಗೆ ಸ್ವಯಂ ಆಡಳಿತ ಬರೆದಿಟ್ಟಿತು. ಕಾಗದದ ಮೇಲೆ ಮಾತ್ರ. ಆ ಜಿಲ್ಲೆಗಳು ಝಾಗ್ರೆಬ್ ಕೈಯಲ್ಲೇ ಇರಲಿಲ್ಲ. ಕ್ನಿನ್‌ನವರು ಅದನ್ನು ತಿರುಗಿಯೂ ನೋಡಲಿಲ್ಲ.

ದೊಡ್ಡದು 1995ರ ಝಡ್-4 ಯೋಜನೆ. ಅಮೆರಿಕದ ರಾಯಭಾರಿ ಪೀಟರ್ ಗಾಲ್‌ಬ್ರೈತ್, ರಷ್ಯಾದ ರಾಯಭಾರಿ, ಜೊತೆಗೆ ಯುರೋಪ್ ಒಕ್ಕೂಟ ಮತ್ತು ವಿಶ್ವಸಂಸ್ಥೆಯ ಪ್ರತಿನಿಧಿಗಳು ಕೂತು ಬರೆದದ್ದು. 1991ರಲ್ಲಿ ಸರ್ಬರು ಬಹುಮತದಲ್ಲಿದ್ದ ಕ್ನಿನ್ ಮತ್ತು ಗ್ಲಿನಾ ಸುತ್ತಲಿನ ಪ್ರದೇಶಕ್ಕೆ ಸ್ವಂತ ಶಾಸನಸಭೆ, ಸ್ವಂತ ಅಧ್ಯಕ್ಷ, ಪೊಲೀಸ್, ಕೋರ್ಟು, ಧ್ವಜ, ಶಾಲೆಯ ಅಧಿಕಾರ. ಕ್ರೊವೇಷಿಯಾದ ಕೈಯಲ್ಲಿ ಉಳಿಯುವುದು ತೀರಾ ಕಮ್ಮಿ. ಕ್ರಾಯಿನಾದ ಉಳಿದ ತುಂಡುಗಳಾದ ಪೂರ್ವ ಮತ್ತು ಪಶ್ಚಿಮ ಸ್ಲಾವೊನಿಯಾ ಮಾತ್ರ ಕ್ರೊವೇಷಿಯಾಕ್ಕೆ ವಾಪಸ್ ಬರಬೇಕು. ರಾಶ್ಕೊವಿಚ್ 1990ರಲ್ಲಿ ಕನಸು ಕಂಡಿದ್ದಕ್ಕಿಂತ ಎಷ್ಟೋ ಜಾಸ್ತಿ.

ಜನವರಿ 30ಕ್ಕೆ ರಾಯಭಾರಿಗಳು ಮೊದಲು ತುಜ್‌ಮನ್‌ಗೆ ಕೊಟ್ಟರು. ಅವರು ಮುಖ ಸಿಂಡರಿಸಿಕೊಂಡೇ ಚರ್ಚೆಗೆ ತೆಗೆದುಕೊಂಡರು. ಆಮೇಲೆ ಕ್ನಿನ್‌ಗೆ ಹೋದರು. ಮಾರ್ತಿಚ್ ಆ ಕಾಗದವನ್ನು ಕೈಯಲ್ಲೂ ಮುಟ್ಟಲಿಲ್ಲ. ಮೊದಲು ಶಾಂತಿಪಾಲನಾ ಪಡೆಯ ಅವಧಿ ವಿಸ್ತರಣೆ ಆಗಲಿ, ಆಮೇಲೆ ಮಾತು ಅಂದರು. ಬೆಲ್‌ಗ್ರೇಡ್‌ನಲ್ಲಿ ಮಿಲೊಶೆವಿಚ್ ರಾಯಭಾರಿಗಳನ್ನು ಭೇಟಿ ಮಾಡಲೂ ಒಪ್ಪಲಿಲ್ಲ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಸ್ವಾಯತ್ತತೆ ಅಂದರೆ ಇನ್ನೊಬ್ಬರ ದೇಶದೊಳಗೆ ನಮ್ಮ ಮನೆ ಅಂತ ಒಪ್ಪಿಕೊಳ್ಳುವುದು. 1995ರ ಹೊತ್ತಿಗೆ ಕ್ನಿನ್‌ನ ನಾಯಕರಿಗೆ ಆ ಒಪ್ಪಿಗೆ ಕೊಟ್ಟರೆ ತಮ್ಮ ಕುರ್ಚಿಯೇ ಹೋಗುತ್ತಿತ್ತು. ನಾಲ್ಕು ವರ್ಷ ಜನಕ್ಕೆ ದೇಶ ಅಂತ ಹೇಳಿ ಈಗ ಜಿಲ್ಲೆ ಅನ್ನುವುದು ಹೇಗೆ? ಜೊತೆಗೆ, ಏನಾದರೂ ಆದರೆ ಬೆಲ್‌ಗ್ರೇಡ್ ಬಂದೇ ಬರುತ್ತದೆ ಅನ್ನುವ ನಂಬಿಕೆ.

ಕಾಫಿತೋಟ

ನಾನು ಪೂರ್ತಿ ಒಪ್ಪುವುದಿಲ್ಲ. ತಪ್ಪೆಲ್ಲ ಮಾರ್ತಿಚ್ ತಲೆಗೆ ಕಟ್ಟಿದರೆ ಲೆಕ್ಕ ಸರಿಹೋಗುವುದಿಲ್ಲ. ತುಜ್‌ಮನ್‌ಗೆ ಝಡ್-4 ಬೇಕಿತ್ತಾ? ಖಂಡಿತ ಇಲ್ಲ. ಆ ಕಡೆಯವರು ಬೇಡ ಅನ್ನುತ್ತಾರೆ ಅಂತ ಗೊತ್ತಿದ್ದೇ ಅವರು ಹೂಂ ಅಂದರು ಅನ್ನುವುದು ನನ್ನ ಊಹೆ. ಅವರ ಸೈನ್ಯ ಆಗಲೇ ತಯಾರಾಗುತ್ತಿತ್ತು.

ಇನ್ನೊಂದು ದಾರಿ ಇತ್ತು ಅನ್ನುವುದಕ್ಕೆ 1994ರ ಡಿಸೆಂಬರ್ 2ರ ಆರ್ಥಿಕ ಒಪ್ಪಂದ ನೋಡಿ. ಝಾಗ್ರೆಬ್–ಬೆಲ್‌ಗ್ರೇಡ್ ಹೆದ್ದಾರಿಯ ಒಂದು ತುಂಡು ಪಶ್ಚಿಮ ಸ್ಲಾವೊನಿಯಾದ ಮೂಲಕ ಹೋಗುತ್ತದೆ. ಅದನ್ನು ಮತ್ತೆ ತೆರೆದರು. ಎಣ್ಣೆ ಪೈಪು, ನೀರು, ಕರೆಂಟಿನ ಮಾತೂ ಆಯಿತು. ಪ್ರಧಾನಿ ಬೊರಿಸ್ಲಾವ್ ಮಿಕೆಲಿಚ್ ಆ ದಾರಿಯವರು. ಹೆದ್ದಾರಿಯಲ್ಲಿ ಲಾರಿ ಓಡಿದ್ದು ನಾಲ್ಕೇ ತಿಂಗಳು. ಏಪ್ರಿಲ್ ಕೊನೆಯಲ್ಲಿ ಕೊಲೆ, ಪ್ರತೀಕಾರ, ರಸ್ತೆ ಬಂದ್. ಮೇ 1ಕ್ಕೆ ಕ್ರೊವೇಷಿಯಾ ಸೈನ್ಯ ಪಶ್ಚಿಮ ಸ್ಲಾವೊನಿಯಾವನ್ನು ವಶಪಡಿಸಿಕೊಂಡಿತು. ಅದಕ್ಕೆ ಮಾರ್ತಿಚ್ ಝಾಗ್ರೆಬ್ ನಗರದ ಮೇಲೆ ಎರಡು ದಿನ ಕ್ಲಸ್ಟರ್ ರಾಕೆಟ್ ಹಾರಿಸಿದರು. ಏಳು ಜನ ಸತ್ತರು. ಅಲ್ಲಿಂದ ಮುಂದೆ ಯಾರೂ ಅವರ ಪರ ಮಾತಾಡುವಂತಿರಲಿಲ್ಲ.

ಅಂಚೆಚೀಟಿ

ಭೂಗೋಳವನ್ನೂ ನೋಡಿ. ಪೂರ್ವ ಸ್ಲಾವೊನಿಯಾ ಸರ್ಬಿಯಾಕ್ಕೆ ಅಂಟಿಕೊಂಡಿದೆ, ಕ್ನಿನ್ ಇರುವುದು ಆಡ್ರಿಯಾಟಿಕ್ ಕಡಲಿನ ಬೆನ್ನಿಗೆ, ಪಶ್ಚಿಮ ಸ್ಲಾವೊನಿಯಾ ನಡುವೆ. ಒಂದರಿಂದ ಇನ್ನೊಂದಕ್ಕೆ ಹೋಗಲು ಬೋಸ್ನಿಯಾ ಬಳಸಬೇಕು. ಪೆಟ್ರೋಲು, ಔಷಧಿ ಎಲ್ಲವೂ ಬೋಸ್ನಿಯಾದ ಉತ್ತರದ ಒಂದು ಸಣ್ಣ ಓಣಿಯಿಂದ ಬರಬೇಕು. ಇಂಥ ನಕ್ಷೆ ಇಟ್ಟುಕೊಂಡು ದೇಶ ನಡೆಸುತ್ತೇವೆ ಅಂದವರ ಧೈರ್ಯ ಮೆಚ್ಚಬೇಕೋ ಬೇಡವೋ ಗೊತ್ತಾಗುವುದಿಲ್ಲ.

ತುಂಗಾತೀರ

ಕೊನೆಯ ದಿನಗಳ ಬಗ್ಗೆ ಯಾರಾದರೂ ಬರೆಯಿರಿ. ಬೆಲ್‌ಗ್ರೇಡ್ ಬಂತಾ?

ನಿವೃತ್ತ ಸುಬೇದಾರ್

ಬರಲಿಲ್ಲ.

ಆಗಸ್ಟ್ 3ಕ್ಕೆ ಜಿನೀವಾದಲ್ಲಿ ಮಾತುಕತೆ. ಆಗ ಮತ್ತೆ ಪ್ರಧಾನಿಯಾಗಿದ್ದ ಬಾಬಿಚ್, ಝಡ್-4 ಆಧಾರದ ಮೇಲೆ ಮಾತಾಡಲು ಸಿದ್ಧ ಅಂತ ಗಾಲ್‌ಬ್ರೈತ್‌ಗೆ ತಿಳಿಸಿದರು. ಮಾರನೇ ದಿನ ಬೆಳಗಿನ ಜಾವ ಐದಕ್ಕೆ ಕ್ರೊವೇಷಿಯಾದ ಆಪರೇಷನ್ ಸ್ಟಾರ್ಮ್ ಶುರುವಾಯಿತು. ಕ್ನಿನ್ ಮೇಲೆ ಫಿರಂಗಿ. ಅವತ್ತೇ ಸಂಜೆ ಮಾರ್ತಿಚ್ ನಾಗರಿಕರನ್ನು ತೆರವು ಮಾಡುವ ಆದೇಶಕ್ಕೆ ಸಹಿ ಹಾಕಿದರು. 5ರಂದು ಕ್ನಿನ್ ಕೋಟೆಯ ಮೇಲೆ ಕ್ರೊವೇಷಿಯಾ ಧ್ವಜ ಏರಿತು. ಯುಗೊಸ್ಲಾವ್ ಸೈನ್ಯ ಒಂದು ಹೆಜ್ಜೆ ಮುಂದೆ ಇಡಲಿಲ್ಲ.

ಟ್ರ್ಯಾಕ್ಟರ್, ಕುದುರೆ ಗಾಡಿ, ಕಾರು, ಸಿಕ್ಕಿದ್ದರಲ್ಲಿ ಜನ ಬೋಸ್ನಿಯಾ ದಾಟಿ ಸರ್ಬಿಯಾ ಕಡೆ ಹೊರಟರು. ಒಂದೂವರೆಯಿಂದ ಎರಡು ಲಕ್ಷ ಸರ್ಬರು. ಹೋಗಲಾಗದೆ ಉಳಿದ ಮುದುಕರಲ್ಲಿ ನೂರಾರು ಜನ ನಂತರದ ವಾರಗಳಲ್ಲಿ ಕೊಲೆಯಾದರು. ಸಾವಿರಾರು ಮನೆ ಸುಟ್ಟವು. ಆಗಸ್ಟ್ 5 ಕ್ರೊವೇಷಿಯಾದಲ್ಲಿ ವಿಜಯದ ರಜೆ, ಸರ್ಬಿಯಾದಲ್ಲಿ ಶೋಕ ಸಭೆ.

ಜಿಜ್ಞಾಸು

ನಾಯಕರಿಗೆ ಏನಾಯಿತು?

ಕಾನೂನುಕಟ್ಟೆ

ಮೂವರೂ ಹೇಗ್ ತಲುಪಿದರು. ಬಾಬಿಚ್ ತಪ್ಪೊಪ್ಪಿಕೊಂಡರು, ಮಿಲೊಶೆವಿಚ್ ವಿರುದ್ಧವೇ ಸಾಕ್ಷಿ ಹೇಳಿದರು. 13 ವರ್ಷ ಶಿಕ್ಷೆ. 2006ರಲ್ಲಿ ಬಂಧನದಲ್ಲೇ ಆತ್ಮಹತ್ಯೆ ಮಾಡಿಕೊಂಡರು. ಮಾರ್ತಿಚ್‌ಗೆ 2007ರಲ್ಲಿ 35 ವರ್ಷ. ಹಾಜಿಚ್ ಆ ನ್ಯಾಯಮಂಡಳಿಯ ಕೊನೆಯ ತಲೆಮರೆಸಿಕೊಂಡ ಆರೋಪಿ. 2011ರಲ್ಲಿ ಸಿಕ್ಕಿದರು, ತೀರ್ಪಿಗೆ ಮೊದಲೇ 2016ರಲ್ಲಿ ಕಾಯಿಲೆಯಿಂದ ಸತ್ತರು. ಸ್ಟಾರ್ಮ್ ಕಾರ್ಯಾಚರಣೆಗಾಗಿ ಕ್ರೊವೇಷಿಯಾದ ಜನರಲ್ ಆಂತೆ ಗೊಟೊವಿನಾಗೆ 2011ರಲ್ಲಿ 24 ವರ್ಷ ಶಿಕ್ಷೆಯಾಗಿತ್ತು. ಮರುವರ್ಷ ಮೇಲ್ಮನವಿಯಲ್ಲಿ 3–2 ಮತಗಳಿಂದ ಖುಲಾಸೆ. ಸರ್ಬಿಯಾದಲ್ಲಿ ಇದರ ಸಿಟ್ಟು ಇನ್ನೂ ಆರಿಲ್ಲ.

ಹಳೇನಕ್ಷೆ

ಒಂದು ತುಂಡಿನ ಕಥೆ ಬೇರೆ ರೀತಿ ಮುಗಿಯಿತು, ಅದನ್ನು ಜನ ಮರೆಯುತ್ತಾರೆ. ಪೂರ್ವ ಸ್ಲಾವೊನಿಯಾವನ್ನು ವಾಪಸ್ ಪಡೆಯಲು ಯುದ್ಧ ಆಗಲಿಲ್ಲ. 1995ರ ನವೆಂಬರ್ 12ರ ಎರ್ದುತ್ ಒಪ್ಪಂದದ ಪ್ರಕಾರ ವಿಶ್ವಸಂಸ್ಥೆ ಎರಡು ವರ್ಷ ಆಡಳಿತ ನಡೆಸಿತು. 1998ರ ಜನವರಿ 15ಕ್ಕೆ ಅದು ಕ್ರೊವೇಷಿಯಾಕ್ಕೆ ಮರಳಿತು. ಸರ್ಬರು ತಮ್ಮ ನಗರಸಭೆಗಳ ಜಂಟಿ ಮಂಡಳಿ ಮಾಡಿಕೊಂಡರು. ಅದು ಈಗಲೂ ಇದೆ. ಶಾಲೆ, ಸಂಸ್ಕೃತಿಯಂಥ ವಿಷಯ ನೋಡಿಕೊಳ್ಳುತ್ತದೆ. ಹೆಚ್ಚೇನೂ ಅಧಿಕಾರ ಇಲ್ಲ. ಆದರೆ ರಾಶ್ಕೊವಿಚ್ ಮೊದಲು ಕೇಳಿದ್ದೂ ಹೆಚ್ಚುಕಡಿಮೆ ಇದನ್ನೇ.

ತುಂಗಾತೀರ

ಈಗ ಕ್ರೊವೇಷಿಯಾದಲ್ಲಿ ಎಷ್ಟು ಸರ್ಬರು ಉಳಿದಿದ್ದಾರೆ? ಹಕ್ಕು ಏನಾದರೂ ಇದೆಯಾ?

ಕಾನೂನುಕಟ್ಟೆ

2021ರ ಗಣತಿಯಲ್ಲಿ 1,23,892, ಶೇ. 3.2. ಸಂಸತ್ತಿನಲ್ಲಿ ಅವರಿಗೆ ಮೂರು ಮೀಸಲು ಸ್ಥಾನ ಇದೆ. 2002ರ ಅಲ್ಪಸಂಖ್ಯಾತರ ಕಾನೂನಿನ ಪ್ರಕಾರ ಒಂದು ಊರಿನಲ್ಲಿ ಮೂರನೇ ಒಂದು ಭಾಗ ಇದ್ದರೆ ಅವರ ಭಾಷೆ, ಲಿಪಿಗೂ ಅಧಿಕೃತ ಸ್ಥಾನ. ಅದರ ಪ್ರಕಾರ 2013ರಲ್ಲಿ ವುಕೊವರ್ ಸರ್ಕಾರಿ ಕಟ್ಟಡಗಳಿಗೆ ಸಿರಿಲಿಕ್ ಫಲಕ ಹಾಕಿದಾಗ ಮಾಜಿ ಸೈನಿಕರು ಸುತ್ತಿಗೆ ತಂದು ಒಡೆದರು. 2021ರ ಗಣತಿಯಲ್ಲಿ ಅಲ್ಲಿ ಸರ್ಬರ ಪಾಲು ಮೂರನೇ ಒಂದಕ್ಕಿಂತ ಕೆಳಗೆ ಇಳಿದಿದೆ. ಹಾಗಾಗಿ ಆ ನಿಯಮದ ಆಧಾರದ ಮೇಲೆ ಫಲಕ ಕೇಳಲು ಈಗ ಆಗುವುದಿಲ್ಲ.